ಮಾರನೇ ದಿನದ ಮಣ್ಣು

ಹೆಣದ ಮುಂದೆ ಬಾರಿಸುವ ಹಲಗೆಯನ್ನು ಹುಲ್ಲಿನ ಉರಿಗೆ ಹಿಡಿದು ಚರ್ಮ ಬಿಗಿ ಮಾಡುತ್ತಿದ್ದ ಮಾಸ್ತಪ್ಪನ ಎದುರು ಬಂದು ನಿಂತ ಯಮುನಮ್ಮ, ತಂಬಿಗೆಯ ನೀರನ್ನು ಉರಿಯ ಮೇಲೆ ಸುರಿದುಬಿಟ್ಟಳು. ಅಂಗಳದಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಗಂಡನ ಹೆಣ ಪಡಸಾಲೆಯಲ್ಲಿರುವಾಗ ಹೆಂಡತಿಯೊಬ್ಬಳು ಹೀಗೆ ಮಾಡಿದ್ದನ್ನು ತಾಳಗುಂದದ ಸುತ್ತಮುತ್ತ ಯಾರೂ ಕಂಡಿರಲಿಲ್ಲ.

"ಅವರಿಗೆ ಹಲಗೆ ಬ್ಯಾಡ ಭಾವ," ಎಂದಳು ಗಂಡನ ಅಣ್ಣ ಕೆಂಪಪ್ಪನಿಗೆ. "ಬದುಕಿದ್ದಾಗ ಅದರ ಸದ್ದು ತಡ್ಕೊಳ್ಳಾಕೆ ಆಗ್ಲಿಲ್ಲ. ಇವತ್ತೊಂದಿನ ಸುಮ್ನೆ ಕಳಿಸ್ರಿ."

"ಹಲಗೆ ಇಲ್ದೆ ಎತ್ತಿದ್ರೆ ದಿಕ್ಕಿಲ್ದೋನು ಅಂತಾರೆ. ನಾನು ಬದುಕಿದ್ದೂ ಹಂಗೆ ಕಳಿಸ್ಲಾ?" ಎಂದ ಕೆಂಪಪ್ಪ. "ಅಪ್ಪನಿಗೆ ಒಂದು ಹಿಡಿ ಮಣ್ಣು ಹಾಕ್ಲಿಲ್ಲ ಅವನು. ಓಡಿಹೋದ. ಅವನಂಗೆ ನಾನಾಗಲ್ಲ."

ಯಮುನಮ್ಮನ ಗಂಡ ಉಚ್ಚಂಗಪ್ಪ ಊರಿನ ಯಾವ ಸಾವಿಗೂ ಬರದ ಮನುಷ್ಯ. ಮದುವೆಗೆ ಹೋದರೂ ಓಲಗ ಶುರುವಾಗುವ ಮೊದಲೇ ಮನೆಗೆ ಬಂದಿರುತ್ತಿದ್ದ. ಜನ ಅವನನ್ನು ಜಂಬದವನು ಎಂದರು, ತಲೆ ಸರಿಯಿಲ್ಲ ಎಂದೂ ಎಂದರು. ಎರಡನ್ನೂ ಒಟ್ಟಿಗೆ ಅನ್ನಲು ಅವರಿಗೇನೂ ಕಷ್ಟವಾಗಲಿಲ್ಲ. ಅದೇ ಜನ ಮೆಕ್ಕೆಜೋಳವನ್ನು ಆನವಟ್ಟಿಗೆ ಸಾಗಿಸುವ ಮುಂಚೆ ಅವನನ್ನು ಕರೆದು ಚೀಲಕ್ಕೆ ಕೈ ಹಾಕಿಸುತ್ತಿದ್ದರು. ಕಾಳಿಗೆ ಇನ್ನೆಷ್ಟು ಬಿಸಿಲು ಬೇಕೆಂದು ಅವನ ಬೆರಳು ಹೇಳಿದ್ದು ಒಮ್ಮೆಯೂ ತಪ್ಪಿರಲಿಲ್ಲ.

*

ಇಪ್ಪತ್ತು ವರ್ಷದ ಹಿಂದೆ, ಮಾವನ ಹೆಣ ಎತ್ತಿದ ದಿನ, ಹೊಸ ಮದುಮಗಳು ಯಮುನಮ್ಮ ಗಂಡನನ್ನು ಹುಡುಕುತ್ತ ಹೊಲಕ್ಕೆ ಹೋಗಿದ್ದಳು. ಜೋಳದ ಸಾಲಿನ ನಡುವೆ ಅವನು ಎರಡೂ ಕಿವಿ ಮುಚ್ಚಿಕೊಂಡು ಮುದುಡಿ ಕೂತಿದ್ದ.

"ಹಲಗೆ ಕಿವಿಗೆ ಬಡಿಯಲ್ಲ ಯಮುನಾ, ಮೈಯೊಳಗೆ ಬಡಿತದೆ," ಎಂದ. "ಆಗ ಅಪ್ಪನ ಮುಖಾನೂ ನಂಗೆ ಕಾಣಲ್ಲ."

ಅವಳು ಅವನ ಹೆಗಲು ಹಿಡಿಯಲು ಕೈ ಚಾಚಿದಳು. ಮುಂಗೈ ತುಂಬ ಇದ್ದ ಹಸಿರು ಗಾಜಿನ ಬಳೆಗಳು ಘಲ್ಲೆಂದವು. ಅವನು ಬೆಚ್ಚಿ ಹಿಂದೆ ಸರಿದ. ಆಮೇಲೆ ನಾಚಿಕೊಂಡು, "ನಿನ್ನ ತಪ್ಪಲ್ಲ," ಎಂದ.

*

ಮಾಸ್ತಪ್ಪ ಒದ್ದೆ ಬೂದಿಯನ್ನು ಕಾಲಲ್ಲಿ ಸರಿಸಿ ಎದ್ದು ನಿಂತ.

"ಗೌಡ್ರೇ, ನಿಮ್ಮಪ್ಪನ್ನ ಮಣ್ಣು ಮಾಡಿದ ಮಾರನೇ ದಿನ ಬೆಳಿಗ್ಗೆ ದನ ಹೊಡ್ಕೊಂಡು ಆ ಕಡೆ ಹೋಗಿದ್ದೆ. ಉಚ್ಚಂಗಪ್ಪನೋರು ಒಬ್ರೇ ಕೂತಿದ್ರು. ಮಣ್ಣು ಹಾಕಿದ್ರು. ಬಾಳ ಹೊತ್ತು ನಿಮ್ಮಪ್ಪನ ಜೊತೆ ಮಾತಾಡಿದ್ರು. ಆಮೇಲೂ ಅಷ್ಟೆ. ಊರಾಗೆ ಯಾರು ಹೋದ್ರೂ ಮಾರನೇ ದಿನ ಬಂದು ಮಣ್ಣು ಹಾಕಿ ಹೋಗೋರು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಅವರೇ ಹೇಳ್ಕೊಳ್ಳಲಿಲ್ಲ. ನಾನ್ಯಾಕೆ ಹೇಳ್ಲಿ ಅಂತ ಸುಮ್ನಿದ್ದೆ."

ಯಮುನಮ್ಮನಿಗೂ ಇದು ಗೊತ್ತಿರಲಿಲ್ಲ. ಅಂಥ ದಿನ ಬೆಳಿಗ್ಗೆ ಬೇಗ ಎದ್ದವನು ಹೊಲಕ್ಕೆ ಹೋಗುತ್ತಾನೆ ಎಂದೇ ತಿಳಿದಿದ್ದಳು.

ಕೆಂಪಪ್ಪ ಪಡಸಾಲೆಗೆ ಹೋಗಿ ತಮ್ಮನ ಮುಖವನ್ನೇ ನೋಡುತ್ತ ನಿಂತ. ಇಪ್ಪತ್ತು ವರ್ಷ ಸಾಕಿಕೊಂಡು ಬಂದ ಸಿಟ್ಟನ್ನು ಈಗ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ. ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಹೊರಗೆ ಬಂದ.

"ಎತ್ರಪ್ಪ," ಎಂದ. "ಹಲಗೆ ಬ್ಯಾಡ."

ಮಾಸ್ತಪ್ಪ ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎಲ್ಲರ ಜೊತೆ ನಡೆದ. ದಾರಿಯಲ್ಲಿ ಯಾರದೋ ಫೋನು ರಿಂಗಾಯಿತು. ಫೋನಿನವನು ಗಾಬರಿಯಿಂದ ಅದನ್ನು ಆಫ್ ಮಾಡಿದ. ಆಮೇಲೆ ಬರೀ ಹೆಜ್ಜೆಗಳ ಸದ್ದು.

ಗುಂಡಿಯ ಪಕ್ಕದಲ್ಲಿ, ಪದ್ಧತಿಯಂತೆ ಬಳೆ ಒಡೆಯಲು ಹಿರಿಯಳಾದ ದುರ್ಗಮ್ಮ ಕಲ್ಲು ಹಿಡಿದು ಬಂದಳು. ಯಮುನಮ್ಮನ ಕೈ ಹಿಡಿದು ಕುಟ್ಟಿದಳು. ಬಳೆ ಒಡೆಯಲಿಲ್ಲ. ಇನ್ನೊಮ್ಮೆ ಕುಟ್ಟಿ, ಬಗ್ಗಿ ನೋಡಿದಳು. ಪ್ಲಾಸ್ಟಿಕ್ ಬಳೆ.

"ಯಾವಾಗಿಂದ ಹಾಕ್ಕಂಡೀಯೇ ಇವನ್ನ?"

"ಮಾವ ತೀರ್ಕೊಂಡ ವರ್ಷದಿಂದ."

ದುರ್ಗಮ್ಮ ಕಲ್ಲನ್ನು ಕೆಳಗಿಟ್ಟಳು. ಬಳೆಗಳನ್ನು ಒಂದೊಂದಾಗಿ ಜಾರಿಸಿ ತೆಗೆದು, ಹಸಿಮಣ್ಣಿನ ಮೇಲೆ ಒಂದರ ಮೇಲೊಂದು ಇಡುತ್ತ ಹೋದಳು. ಹನ್ನೆರಡೂ ಇಟ್ಟರೂ ಸದ್ದಾಗಲಿಲ್ಲ.