ಒಂದು ಗಡಿಯಾರ, ಇಬ್ಬರು ಓರಗಿತ್ತಿಯರು

ರಿಪೇರಿಯವನ ಕೂಲಿ ಎರಡು ಅಂಗಿ ಹೊಲಿದಷ್ಟು. ಕೈತಪ್ಪಿದ ಹೋಟೆಲ್ ಸಮವಸ್ತ್ರದ ಆರ್ಡರು ಇಡೀ ವರ್ಷದ ಅನ್ನ. ಈ ಲೆಕ್ಕ ಹಾಕುತ್ತಲೇ ಹೊಲಿಗೆಮನೆಯ ಹಿರಿಸೊಸೆ ಹಲ್ಲು ಕಡಿದಳು.

ಇದ್ದದ್ದು ಒಂದೇ ಕಂಪ್ಯೂಟರು, ಅದರಲ್ಲಿ ಎರಡು ಕಾರ್ಯವ್ಯವಸ್ಥೆ. ಬೆಳಿಗ್ಗೆ ಹಿರಿಯವಳು ಅದನ್ನು ಲಿನಕ್ಸ್‌ನಲ್ಲಿ ತೆರೆದು ಬಟ್ಟೆ ಕತ್ತರಿಸುವ ನಕ್ಷೆ ಬರೆಯುತ್ತಿದ್ದಳು. ಮಧ್ಯಾಹ್ನ ಓರಗಿತ್ತಿ ಅದನ್ನೇ ವಿಂಡೋಸ್‌ನಲ್ಲಿ ತೆರೆದು ತನ್ನ ಕಸೂತಿ ಯಂತ್ರ ನಡೆಸುತ್ತಿದ್ದಳು. ಹಿರಿಯವಳಿಗೆ ಪರದೆಯ ಮೂಲೆಯ ಗಡಿಯಾರ ಸದಾ ಗಂಟೆಗಟ್ಟಲೆ ಮುಂದೆ. "ಹೊಟ್ಟೆಕಿಚ್ಚಿನವಳ ಕೈಚಳಕ" ಎಂದು ಗೊಣಗಿ ಹಿಂದಕ್ಕೆ ಸರಿಸುವಳು. ಕಿರಿಯವಳಿಗೆ ಅದೇ ಗಡಿಯಾರ ಹಿಂದೆ. ಅವಳು ಬೈದುಕೊಂಡು ಮುಂದಕ್ಕೆ ತಳ್ಳುವಳು. ಫೋನು ನೋಡೋಣವೆಂದರೆ, ಕೆಲಸದ ಹೊತ್ತಿನಲ್ಲಿ ಅದು ಬಾಗಿಲ ಪೆಟ್ಟಿಗೆಯಲ್ಲೇ ಇರಬೇಕೆಂಬ ಕಟ್ಟಳೆ ಹಿರಿಯವಳದೇ.

ಆವತ್ತು ಕಿರಿಯವಳು ಗಡಿಯಾರ ತಳ್ಳಲು ಮರೆತಳು. ಇನ್ನೂ ಹೊತ್ತಿದೆಯೆಂದು ಹೋಟೆಲಿಗೆ ಕಳಿಸಬೇಕಿದ್ದ ದರಪಟ್ಟಿಯನ್ನು ತಿದ್ದುತ್ತ ಕೂತಳು. ಕಳಿಸಹೋದಾಗ ಗಡುವು ಮುಗಿದಿತ್ತು.

"ನೀನೇ ಬೇಕಂತ ಹಿಂದಿಟ್ಟಿದ್ದು! ಇದು ಸಾಬೀತಾಗ್ಲಿ, ನನ್ನ ಯಂತ್ರ ಹೊತ್ಕೊಂಡು ಹೋಗ್ತೀನಿ" ಎಂದಳು ಕಿರಿಯವಳು.

"ಹೋಗು ತಾಯಿ, ತಡೆದವರು ಯಾರು?" ಎಂದಳು ಹಿರಿಯವಳು. ಆದರೆ ಕಸೂತಿಯಿಲ್ಲದೆ ಅಂಗಡಿ ನಡೆಯದೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ರಿಪೇರಿಯವನನ್ನು ಕರೆಸಿದಳು.

ಅವನು ಎರಡೂ ಕಡೆ ತೆರೆದು ನೋಡಿ ನಕ್ಕ. "ಟೈಮ್‌ಝೋನ್ ಎಲ್ಲ ಸರಿಯಿದೆ. ಕಂಪ್ಯೂಟರಿನೊಳಗಿನ ಗಡಿಯಾರ ಒಂದೇ. ಅದನ್ನ ವಿಂಡೋಸ್ ನಮ್ಮೂರ ಸಮಯ ಅಂತ ಓದುತ್ತೆ. ಲಿನಕ್ಸ್ ಅದನ್ನೇ ಲೋಕದ ಸಮಯ ಅಂದ್ಕೊಂಡು ನಮ್ಮ ಐದೂವರೆ ಗಂಟೆನ ಅದರ ಮೇಲೆ ಸೇರಿಸುತ್ತೆ. ಯಾರೂ ಬೇಕಂತ ಕೆಡಿಸಿಲ್ಲ. ಒಬ್ರಿಗೆ ಸರಿಮಾಡಿದ್ರೆ ಇನ್ನೊಬ್ರಿಗೆ ತಪ್ಪುತ್ತೆ; ನೀವಿಬ್ರೂ ಸರಿಮಾಡ್ತಾ ಮಾಡ್ತಾ ಕೆಡಿಸಿದೀರಿ."

ಲಿನಕ್ಸ್ ಕೂಡ ಅದನ್ನು ಊರ ಸಮಯವೆಂದೇ ಓದುವಂತೆ ಒಂದು ಸಾಲು ಆಜ್ಞೆ ಬರೆದ. ಎರಡರಲ್ಲೂ ಒಂದೇ ಹೊತ್ತು ಕಂಡಿತು.

"ಕೇಳಿಸ್ತಾ ಅಕ್ಕ? ಇಷ್ಟು ದಿನ ನನ್ನ ಕಳ್ಳಿ ಮಾಡಿದ್ಯಲ್ಲ!"

ತಪ್ಪಾಯಿತು ಎಂಬ ಮಾತು ಹಿರಿಯವಳ ನಾಲಿಗೆಯ ತುದಿಗೆ ಬಂದಿತ್ತು. ಬಾಯಿಂದ ಬಿದ್ದದ್ದು ಬೇರೆ: "ನಿನಗೆ ಮರೆವು ಬರದಿದ್ರೆ ಆರ್ಡರು ಬರ್ತಿತ್ತು."

ಕಿರಿಯವಳು ಕಸೂತಿ ಯಂತ್ರದ ವಯರು ಸುತ್ತಿದಳು. ಹಿರಿಯವಳು ತಡೆಯಲಿಲ್ಲ.

ಗಡಿಯಾರ ಸರಿಹೋಯಿತು. ಆರ್ಡರು ಹೋಯಿತು, ಕಸೂತಿ ಹೋಯಿತು, ಓರಗಿತ್ತಿಯೂ ಹೋದಳು.