ಏಳನೇ ಕಲಮಿನ ಹಿಂದಿನ ಮಾತು

ಕೋಗಿಲು ಗ್ರಾಮದ ಅಂಜನಮ್ಮನಿಗೆ ರಾಜಿ ಎಂಬ ಮಾತೇ ಆಗಿಬರದು. ಹೊಲದ ಬದುವಿಗಾಗಿ ಮೈದುನನ ಮೇಲೆ ಹನ್ನೊಂದು ವರ್ಷ ಕೋರ್ಟಿಗೆ ಅಲೆದು ಗೆದ್ದು, ಅದೇ ಹೊಲದಲ್ಲಿ ಕಲ್ಯಾಣ ಮಂಟಪ ಕಟ್ಟಿಸಿದ ಹೆಂಗಸು. ಅಂಥವಳು ಧನುರ್ಮಾಸದ ಒಂದು ಬೆಳಗ್ಗೆ ಸಂಜಯನಗರದ ಮಧ್ಯಸ್ಥಿಕೆ ಕಚೇರಿಯ ಮೆಟ್ಟಿಲು ಹತ್ತಿದಳೆಂದರೆ, ಕುತ್ತಿಗೆಗೆ ಬಂದಿತ್ತು ಎಂದೇ ತಿಳಿಯಿರಿ.

ಬಂದದ್ದು ಹೀಗೆ. ಮಂಟಪದ ಅಡುಗೆ ಗುತ್ತಿಗೆ ಬಸವಕಿರಣನದು. ಮದುವೆ ಯಾರದೇ ಇರಲಿ, ಅಲ್ಲಿನ ಅಡುಗೆಮನೆಯಲ್ಲಿ ಅವನ ಜನ ಬಿಟ್ಟು ಬೇರೆಯವರು ಒಲೆ ಹಚ್ಚುವಂತಿಲ್ಲ ಎಂದು ಐದು ವರ್ಷದ ಕರಾರಿನ ಏಳನೇ ಕಲಮು. ಲಿಂಗಾಯತರವನು, ಅಪ್ಪನ ಕಾಲದಿಂದ ಸಸ್ಯಾಹಾರಿ ಅಡುಗೆಗೆ ಹೆಸರಾದ ಮನೆ. ಆದರೆ ಕೋಗಿಲಿನ ಕಡೆ ಮದುವೆಯ ಮಾರನೇ ದಿನ ಬೀಗರೂಟ ಆಗಲೇಬೇಕು. ಬಾಡು, ಎಂದರೆ ಮಾಂಸದಡುಗೆ, ಇಲ್ಲದ ಬೀಗರೂಟ ಉಂಟೇ? ಹೋದ ವೈಶಾಖದಲ್ಲಿ ಒಂದು ಮದುವೆಯವರು ಬಂದು ಕೇಳಿದಾಗ ಅಂಜನಮ್ಮ ಅಡುಗೆಮನೆಯ ಬೀಗ ತೆಗೆದುಕೊಟ್ಟು, ಅಲ್ಲಿರುವ ಪಾತ್ರೆಗಳನ್ನೇ ಬಳಸಿಕೊಳ್ಳಿ ಎಂದುಬಿಟ್ಟಳು. ಬೀಗರೂಟ ಮದುವೆಯೇ ಅಲ್ಲವಲ್ಲ, ಕರಾರಿಗೇನು ಸಂಬಂಧ ಎಂಬುದು ಅವಳ ವಾದ.

ಬಸವಕಿರಣ ಕೋರ್ಟಿಗೆ ಹೋದ. ತೀರ್ಮಾನವಾಗುವವರೆಗೆ ಅಲ್ಲಿ ಯಾರೂ ಒಲೆ ಹಚ್ಚಕೂಡದೆಂದು ಕೋರ್ಟು ತಡೆ ಕೊಟ್ಟು, ಇಬ್ಬರನ್ನೂ ಮಧ್ಯಸ್ಥಿಕೆಗೆ ಕಳಿಸಿತು. ಅಡುಗೆಯಿಲ್ಲದ ಮಂಟಪ ಯಾರಿಗೆ ಬೇಕು? ಬುಕ್ ಮಾಡಿದ್ದವರೆಲ್ಲ ಒಬ್ಬೊಬ್ಬರಾಗಿ ಯಲಹಂಕದ ಕಡೆ ಜಾರಿದರು. ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅವಳ ಹೊಲದಲ್ಲಿ ಮೂವತ್ತು ವರ್ಷ ದುಡಿದ ಆವಲಪ್ಪನಿಗೆ, ನಿನ್ನ ಮಗಳು ರಾಣಿಯ ಮದುವೆ ನನ್ನ ಮಂಟಪದಲ್ಲೇ ಎಂದು ಮಾತು ಕೊಟ್ಟಿದ್ದಳು. ಸಂಕ್ರಾಂತಿ ಕಳೆದ ಒಂಬತ್ತನೇ ದಿನಕ್ಕೆ ಮುಹೂರ್ತ. ಬೇರೆ ಛತ್ರ ಹಿಡಿಯುವ ಶಕ್ತಿ ಆವಲಪ್ಪನಿಗಿಲ್ಲ, ಆಡಿದ ಮಾತಿಗೆ ತಪ್ಪಿ ಅವನ ಮುಖ ನೋಡುವ ಧೈರ್ಯ ಅಂಜನಮ್ಮನಿಗಿಲ್ಲ.

ಮಧ್ಯಸ್ಥಿಕೆಗೆ ಕೂತವರು ಶಾಂತಲಾ ಎಂಬ ವಕೀಲರು. ಮೊದಲ ಒಂದು ಗಂಟೆ ದಂಡ. ಬಸವಕಿರಣ ಕರಾರಿನ ಏಳನೇ ಕಲಮು ಎಂದ, ಅಂಜನಮ್ಮ ನಮ್ಮ ಕಡೆಯ ಪದ್ಧತಿ ಎಂದಳು. ಒಂದು ಊಟ ಕೈತಪ್ಪಿದ್ದಕ್ಕೆ ಇವನಿಗೆ ಹೊಟ್ಟೆಕಿಚ್ಚು ಎಂದು ಮುಖದ ಮೇಲೇ ಹೇಳಿದಳು. ಅವನು ತುಟಿ ಕಚ್ಚಿ ಕೂತ. ಶಾಂತಲಾ ಅದನ್ನು ನೋಡಿ ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿದರು. ಇಲ್ಲಿ ಆಡಿದ್ದು ಕೋರ್ಟಿಗೆ ಹೋಗುವುದಿಲ್ಲ, ನೀವು ಒಪ್ಪದೆ ಎದುರಿನವರಿಗೂ ಹೋಗುವುದಿಲ್ಲ ಎಂದು ಹೇಳಿ ಮೊದಲು ಅವನ ಕೋಣೆಗೆ ಹೋದರು.

ಅಂಜನಮ್ಮ ಮುಕ್ಕಾಲು ಗಂಟೆ ಒಳಗೊಳಗೇ ಕುದಿಯುತ್ತ ಕೂತಳು. ಕರೆದಾಗ ಹೋಗಿ ನೋಡಿದರೆ ಬಸವಕಿರಣ ತಲೆ ತಗ್ಗಿಸಿದ್ದಾನೆ. ತಾನೇ ಹೇಳುತ್ತೇನೆಂದು ಒಪ್ಪಿದ್ದನಂತೆ.

"ಅಮ್ಮ, ನಮ್ಮಪ್ಪನ ಕೊಪ್ಪರಿಗೇಲಿ ಬಾಡು ಬೇಯಿಸ್ಬಿಟ್ರು," ಅಂದ. "ಅದನ್ನ ಕೋರ್ಟಲ್ಲಿ ಬರೆಸಿದ್ರೆ ಊರಿಗೆಲ್ಲ ಗೊತ್ತಾಗುತ್ತೆ. ಆಮೇಲೆ ನನ್ನ ಕೈಲಿ ಯಾರು ಅಡುಗೆ ಮಾಡಿಸ್ತಾರೆ? ಅದಕ್ಕೇ ಏಳನೇ ಕಲಂ ಹಿಡ್ಕೊಂಡೆ."

ಅಂಜನಮ್ಮನಿಗೆ ತನ್ನ ಮನೆಯ ಪದ್ಧತಿ ನೆನಪಾಯಿತು. ಅವಳ ಅತ್ತೆ ಮುನಿವೆಂಕಟಮ್ಮ ಬಾಡಿನ ಮಡಕೆಯನ್ನು ಎಂದೂ ಒಳಗೆ ತಂದವಳಲ್ಲ. ಹಿತ್ತಲಲ್ಲೇ ಬೇಯಿಸಿ ಕೊಟ್ಟಿಗೆಯಲ್ಲೇ ಇಡುತ್ತಿದ್ದಳು. ಗೊತ್ತಿಲ್ಲದೆ ಒಮ್ಮೆ ಒಳಗೆ ತಂದ ಹೊಸ ಸೊಸೆ ಅಂಜನಮ್ಮನಿಗೆ ಆದ ಮಂಗಳಾರತಿ ಇಡೀ ಕೇರಿಗೆ ಕೇಳಿಸಿತ್ತು. ಮನೆಯಲ್ಲಿ ಪಾಲಿಸಿದ್ದನ್ನು ಮಂಟಪದಲ್ಲಿ ಮರೆತೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ತಪ್ಪು ನಂದೇ ಕಣಪ್ಪ," ಅಂದಳು. ಹನ್ನೊಂದು ವರ್ಷದ ಕೋರ್ಟು ಅವಳ ಬಾಯಿಂದ ಹೊರಡಿಸಲಾಗದ ಮಾತು. ಕೊಪ್ಪರಿಗೆಗಳೆಲ್ಲಿ ಎಂದು ಕೇಳಿದಳು. ಗೋಣಿಯಲ್ಲಿ ಕಟ್ಟಿಟ್ಟಿದ್ದಾನಂತೆ, ಮುಟ್ಟಲೂ ಆಗದು, ಮಾರಲೂ ಮನಸ್ಸಿಲ್ಲ.

"ಬೆಂಕಿಗಾಕಿದ್ಮೇಲೆ ತಾಮ್ರಕ್ಕೆ ಯಾವ ಮೈಲಿಗೆ? ನಿನ್ನ ಕಣ್ಮುಂದೆ ಕಾಯ್ಸಿ ಕಲಾಯಿ ಆಕಿಸ್ತೀನಿ. ನಾನೇ ನಿಂತ್ಕೊಂಡು."

ಬಸವಕಿರಣ ಅಂದು ಮೊದಲ ಸಲ ಅವಳ ಮುಖ ನೋಡಿದ. ಅವನ ಕಣ್ಣು ತುಂಬಿತ್ತು.

ಆಮೇಲೆ ತಡವಾಗಲಿಲ್ಲ. ಅಡುಗೆಮನೆಯ ಬೀಗದಕೈ ಅವನೊಬ್ಬನ ಬಳಿ. ಬೀಗರೂಟಕ್ಕೆ ಹಿಂದಿನ ಬಯಲಲ್ಲಿ ಬೇರೆ ಚಪ್ಪರ, ಬೇರೆ ಒಲೆ, ಬೇರೆ ಪಾತ್ರೆ. ಅದಕ್ಕೆ ಅವನ ತಕರಾರಿಲ್ಲ. ಕೊಪ್ಪರಿಗೆಯ ಸುದ್ದಿ ಕಾಗದದಲ್ಲಿ ಒಂದಕ್ಷರವೂ ಬರಕೂಡದೆಂದು ಪಟ್ಟು ಹಿಡಿದವಳು ಅಂಜನಮ್ಮನೇ. ಮಾತಿನ ನಡುವೆ ರಾಣಿಯ ಮುಹೂರ್ತದ ವಿಷಯ ಬಂದದ್ದೇ ತಡ, ಆ ಅಡುಗೆ ನನ್ನ ಖರ್ಚಿನದು, ಅದನ್ನೂ ಬರೆಯಿರಿ ಎಂದು ಅವನು ಶಾಂತಲಾಗೆ ಹೇಳಿದ.

ಶುಕ್ರವಾರ ಕೋರ್ಟು ರಾಜಿಪತ್ರದ ಮೇಲೆ ಇಬ್ಬರ ಸಹಿ ನೋಡಿ ತಡೆ ತೆಗೆಯಿತು. ಅಂಜನಮ್ಮ ಕೋರ್ಟಿನ ಮೆಟ್ಟಿಲ ಮೇಲೇ ನಿಂತು ಆವಲಪ್ಪನಿಗೆ ಫೋನ್ ಮಾಡಿದಳು.

"ಲಗ್ನಪತ್ರಿಕೆ ಅಚ್ಚಾಕ್ಸು. ಜಾಗ ನಮ್ಮ ಮಂಟಪ ಅಂತ ದಪ್ಪಕ್ಷರದಲ್ಲಿ ಬರೆಸು."

ಆವಲಪ್ಪ ಮೂಗೆಳೆಯುತ್ತ, ಎಷ್ಟು ಪ್ರತಿ ಹಾಕಿಸಲಿ ಎಂದು ಕೇಳಿದ.

"ಊರಿಗೆಲ್ಲ ಸಾಲೋವಷ್ಟು ಆಕ್ಸೋ. ಗೆದ್ದಿದ್ದೀವಿ."