ಮೂರು ನೀರು ಕುಡಿದ ಮುರಕಲ್ಲು

ನಾನು ಒಂದು ಮುರಕಲ್ಲು. ಕೆಂಪು ಬಣ್ಣ, ಮೈಯೆಲ್ಲ ತೂತು. ಗುಡ್ಡದಿಂದ ನನ್ನನ್ನು ಕಡಿದು ತೆಗೆದದ್ದು ಮನೆ ಕಟ್ಟುವುದಕ್ಕೆ. ಆದರೆ ಲಾರಿಯಿಂದ ಇಳಿಸುವಾಗ ಒಂದು ಮೂಲೆ ಮುರಿಯಿತು. ಮೂಲೆ ಹೋದ ಕಲ್ಲನ್ನು ಯಾವ ಮೇಸ್ತ್ರಿ ತಾನೇ ಗೋಡೆಗೆ ಇಡುತ್ತಾನೆ? ಎರಡು ವರ್ಷ ರಸ್ತೆ ಬದಿಯಲ್ಲಿ ಬಿದ್ದಿದ್ದೆ. ಕರಾವಳಿಯ ಒಂದು ಸಣ್ಣ ಮೃಗಾಲಯದಲ್ಲಿ ಹಾವು, ಉಡ, ಆಮೆಗಳನ್ನು ನೋಡಿಕೊಳ್ಳುವ ದೂಮಣ್ಣ ಕಂಡು ಎತ್ತಿಕೊಂಡು ಬಂದರು.

ಅಲ್ಲಿ ಉರುಳಿಗೆ ಸಿಕ್ಕಿ ಬಾಲದ ತುದಿ ಕಳೆದುಕೊಂಡ ಒಂದು ಉಡ ಇತ್ತು. ಅದರ ಗಾಜಿನ ಗೂಡಿನಲ್ಲಿ, ಬಲ್ಬಿನ ಕೆಳಗೆ ನನ್ನ ಜಾಗ. ನಾನು ಬಿಸಿಯಾದ ಮೇಲೆ ಉಡ ಮೆಲ್ಲಗೆ ಬಂದು ತಣ್ಣನೆಯ ಹೊಟ್ಟೆಯನ್ನು ನನ್ನ ಬೆನ್ನಿಗೆ ಒತ್ತಿ ಮಲಗುತ್ತಿತ್ತು. ಗೋಡೆಗೆ ಬೇಡವಾದ ನಾನು ಒಂದು ಜೀವಕ್ಕೆ ಬೇಕಾದೆ. ಜಂಬ ಬಂದದ್ದು ನಿಜ.

ತಿಂಗಳಿಗೊಮ್ಮೆ ಗೂಡಿನ ಕಲ್ಲು, ಕೊಂಬೆ, ನೀರಿನ ಮಡಕೆಗಳಿಗೆಲ್ಲ ಸ್ನಾನ. ದಿನಗೂಲಿಯ ವಾರಿಜಕ್ಕ ತೆಂಗಿನ ನಾರಿನಿಂದ ಹಿಕ್ಕೆ ಉಜ್ಜಿ ತೆಗೆದು, ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಮುಳುಗಿಸಿ, ಮೂರು ನೀರಿನಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಇಡುತ್ತಿದ್ದರು. ಕೊನೆಗೆ ದೂಮಣ್ಣ ಒಂದೊಂದನ್ನೂ ಮೂಸಿ ನೋಡಬೇಕು. ಬ್ಲೀಚಿಂಗಿನ ವಾಸನೆ ಚೂರು ಉಳಿದಿದ್ದರೂ ಮತ್ತೆ ನೀರಿಗೆ. ಅವರು "ಆಯ್ತು" ಎಂದರೆ ಮಾತ್ರ ಗೂಡಿಗೆ. ಆ ಮೂಗಿನ ಮೇಲೆ ಅವರಿಗೆ ಭಾರೀ ಹೆಮ್ಮೆ.

ಒಂದು ಸಲ ಜ್ವರ ಬಂದು ಹದಿನೈದು ದಿನ ಮಲಗಿದ ದೂಮಣ್ಣ ಸೊರಗಿ ವಾಪಸಾದರು. ಆ ವಾರ ಮೋಡ. ನಾನಿನ್ನೂ ಹಸಿ.

"ಇನ್ನೊಂದು ದಿವಸ ಒಣಗ್ಲಿ ಅಣ್ಣ" ಎಂದರು ವಾರಿಜಕ್ಕ.

"ನನ್ನ ಮೂಗಿಗಿಂತ ನಿಂಗೆ ಹೆಚ್ಚು ಗೊತ್ತುಂಟಾ?" ಎಂದು ದೂಮಣ್ಣ ನನ್ನನ್ನು ಮುಖದ ಹತ್ತಿರ ತಂದರು. ಬ್ಲೀಚಿಂಗಿನ ಘಾಟಿಗೆ ಮಾರು ದೂರದಿಂದಲೇ ಮುಖ ಸಿಂಡರಿಸುತ್ತಿದ್ದವರು ಇಂದು ನನ್ನ ತೂತಿಗೇ ಮೂಗು ಒತ್ತಿದರೂ ಕಣ್ಣು ಮಿಟುಕಿಸಲಿಲ್ಲ. ಜ್ವರಕ್ಕೆ ಆ ಮೂಗು ಸತ್ತಿತ್ತು. ಅದು ಅವರಿಗೂ ಗೊತ್ತಿತ್ತು. ನನ್ನನ್ನು ವಾರಿಜಕ್ಕನ ಕೈಗೆ ಕೊಟ್ಟು, "ಆಯ್ತು" ಎಂದರು.

ಉಡ ನಾಲಿಗೆ ಚಾಚಿಯೇ ಲೋಕ ತಿಳಿಯುವ ಪ್ರಾಣಿ. ಬಲ್ಬಿನ ಬಿಸಿಗೆ ನನ್ನ ತೂತುಗಳಿಂದ ವಿಷ ಮೇಲೆ ಬಂತು. ಕುಡಿದದ್ದು ನಾನು, ಕಕ್ಕಿದ್ದೂ ನಾನು. ಉಡದ ಬಾಯಿ ಹುಣ್ಣಾಯಿತು, ಉಸಿರು ಕಟ್ಟಿತು. ಒಂಬತ್ತನೆಯ ದಿನ ನನ್ನ ಬೆನ್ನ ಮೇಲೆಯೇ ಸತ್ತಿತು.

"ಸರಿಯಾಗಿ ತೊಳೆದಿಲ್ಲ" ಎಂದು ಮೃಗಾಲಯದ ಡಾಕ್ಟರಮ್ಮ ವಾರಿಜಕ್ಕನನ್ನು ಕೆಲಸದಿಂದ ಬಿಡಿಸಿದರು. ದೂಮಣ್ಣ ಗೂಡುಗಳ ಬೀಗದ ಕೈ ತಿರುವುತ್ತಾ ನಿಂತರು, ಬಾಯಿ ಬಿಡಲಿಲ್ಲ. ನನಗಂತೂ ಬಾಯಿಯೇ ಇಲ್ಲ. ಅವರಿಗೆ ಇತ್ತಲ್ಲ!

ನನ್ನನ್ನು ನಲ್ಲಿಯ ಪಕ್ಕಕ್ಕೆ ಎಸೆದರು. ಮರುದಿನ ವಾರಿಜಕ್ಕ ಅಲ್ಲಿಟ್ಟಿದ್ದ ಕೊಡೆ, ಬುತ್ತಿ ಡಬ್ಬಿ ಒಯ್ಯಲು ಬಂದಾಗ ದೂಮಣ್ಣ ಹಿಂದೆಯೇ ಬಂದರು.

"ವಾರಿಜ, ನಂಗೆ ವಾಸನೆ..."

"ಬರುದಿಲ್ಲ. ಗೊತ್ತುಂಟು. ಉಡ ಸತ್ತ ದಿನ ನಾನೇ ಈ ಕಲ್ಲು ಮೂಸಿದೆ. ನಂಗೆ ಕಣ್ಣಲ್ಲಿ ನೀರು ಬಂತು. ನಿಮ್ಗೆ ಗೊತ್ತಾಗ್ಲಿಲ್ಲ ಅಂದ್ರೆ ಮತ್ತೆಂತ?"

"ಡಾಕ್ಟರಮ್ಮನ ಎದುರು ಯಾಕೆ ಹೇಳ್ಲಿಲ್ಲ ಮಾರಾಯ್ತಿ?"

"ಕೆಲಸಕ್ಕೆ ಸೇರಿಸಿದವರು ನೀವು. ನೀವೇ ಹೇಳ್ತೀರಿ ಅಂತ ಕಾದೆ ಅಣ್ಣ."

ದೂಮಣ್ಣ ನನ್ನ ಮೇಲೆ ಕುಸಿದು ಕುಳಿತು ಅತ್ತರು. ಆಮೇಲೆ ಎದ್ದು ನೇರ ಡಾಕ್ಟರಮ್ಮನ ಕೋಣೆಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಬೀಗದ ಕೈ ಇರಲಿಲ್ಲ.

ಈಗ ವಾರಿಜಕ್ಕ ವಾಪಸು ಬಂದಿದ್ದಾರೆ, ಮೂಸುವ ಕೆಲಸವೂ ಅವರದೇ. ದೂಮಣ್ಣ ಗೇಟಿನಲ್ಲಿ ಟಿಕೆಟ್ ಹರಿಯುತ್ತಾರೆ. ಗೂಡುಗಳಿಗೆ ನುಣುಪು ಹೊಳೆಗಲ್ಲು ಬಂದಿದೆ. ತೂತಿನ ಕಲ್ಲು ಬೇಡವಂತೆ, ಒಳ್ಳೆಯದೇ ಆಯಿತು. ಎಷ್ಟು ಮಳೆ ತೊಳೆದರೂ ನನಗೆ ನಾನು ಶುಚಿಯಾದಂತೆ ಅನ್ನಿಸುವುದಿಲ್ಲ.

ಮಧ್ಯಾಹ್ನ ದೂಮಣ್ಣ ನನ್ನ ಮೇಲೆ ಕುಳಿತು ಉಣ್ಣುತ್ತಾರೆ. ತೊಳೆದ ಕಲ್ಲನ್ನು ಒಳಗೆ ಒಯ್ಯುವ ಮೊದಲು ವಾರಿಜಕ್ಕ ಹಳೆಯ ಮರ್ಯಾದೆಗೆ ಅವರ ಮುಂದೆ ಹಿಡಿಯುತ್ತಾರೆ. ದೂಮಣ್ಣ ತಲೆ ಆಡಿಸಿ, ಪ್ರತಿ ಸಲವೂ ಗಟ್ಟಿಯಾಗಿಯೇ ಹೇಳುತ್ತಾರೆ:

"ನಂಗೆ ಗೊತ್ತಾಗುದಿಲ್ಲ ವಾರಿಜ. ನೀನೇ ನೋಡು."

ಅದನ್ನು ಕೇಳಿದಾಗಲೆಲ್ಲ ನನ್ನ ಬೆನ್ನಿಗೆ ಆ ತಣ್ಣನೆಯ ಹೊಟ್ಟೆ ತಾಗಿದಂತಾಗುತ್ತದೆ.